ಕೊಡಗಿನ ಹಿತ್ತಲಲ್ಲಿ ಗುಲಾಬಿ ಸೊರಗಿದಾಗ: ದೋಷ ಹುಡುಕುವ ಬಗೆ

ಜುಲೈಯಲ್ಲಿ ಗುಲಾಬಿ ಎಲೆ ಹಳದಿಯಾದರೆ ಅದಕ್ಕೆ ಒಂದು ಕಾರಣ. ಮಾರ್ಚ್‌ನಲ್ಲಿ ಹಳದಿಯಾದರೆ ಬೇರೆಯೇ ಕಾರಣ. ಬುಡದ ಎಲೆ ಹಳದಿಯಾಗುವುದು ಒಂದು ತೊಂದರೆ, ತುದಿಯ ಎಳೆ ಎಲೆ ಹಳದಿಯಾಗುವುದು ಇನ್ನೊಂದು. ಆದರೆ ನಾವು ಮಾಡುವುದೇನು? ಎಲ್ಲಕ್ಕೂ ಒಂದು ಹಿಡಿ ಗೊಬ್ಬರ ಹಾಕುತ್ತೇವೆ. ಅದಕ್ಕೂ ಬಗ್ಗದಿದ್ದರೆ ಕಾಳುಮೆಣಸಿಗೆ ಅಂತ ಕಲಸಿದ ಬೋರ್ಡೋ ದ್ರಾವಣದಲ್ಲಿ (ತಾಮ್ರದ ಮೈಲುತುತ್ತ, ಸುಣ್ಣ ಸೇರಿಸಿದ್ದು) ಉಳಿದದ್ದನ್ನು ಗುಲಾಬಿಗೂ ಹೊಡೆಯುತ್ತೇವೆ. ನಾನೂ ಹಲವು ವರ್ಷ ಹಾಗೇ ಮಾಡಿದೆ. ಪ್ರತಿ ಮಳೆಗಾಲ ಮುಗಿಯುವಾಗ ಮೂರು ನಾಲ್ಕು ಗಿಡ ಹೋಗಿರುತ್ತಿದ್ದವು.

ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ಕೆಳಗೆ, ಕಾಫಿ ತೋಟದ ನಡುವೆ ಇದೆ. ತಂಗಿಯ ಮನೆ ಕುಶಾಲನಗರದಲ್ಲಿ. ದಾರಿ ಮೂವತ್ತು ಕಿಲೋಮೀಟರ್ ಇರಬಹುದು ಅಷ್ಟೇ. ಆದರೆ ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ಕುಶಾಲನಗರದಲ್ಲಿ ಅದರ ಅರ್ಧವೂ ಬರುವುದಿಲ್ಲ. ಒಂದೇ ನರ್ಸರಿಯಿಂದ ಒಂದೇ ದಿನ ತಂದ ಗಿಡಗಳು ನಮ್ಮಿಬ್ಬರ ಮನೆಯಲ್ಲೂ ಇವೆ. ನನ್ನ ಗಿಡ ಆಗಸ್ಟ್‌ನಲ್ಲಿ ಎಲೆ ಕಳೆದುಕೊಂಡು ಬರೀ ಕಡ್ಡಿಯಾಗುತ್ತದೆ. ಅವಳದು ಏಪ್ರಿಲ್‌ನಲ್ಲಿ ಕೆಂಪು ನುಸಿ ಹಿಡಿದು ಸೊರಗುತ್ತದೆ. ಹಾಗಾಗಿ ಬೆಂಗಳೂರಿನವರು ಹೇಳಿದ ಔಷಧಿ ಪಟ್ಟಿ ಇಲ್ಲಿಗೆ ಸುಮ್ನೆ ಹೊಂದುವುದಿಲ್ಲ. ಕೊಡಗಿನೊಳಗೇ ಒಂದು ಊರಿನದು ಇನ್ನೊಂದಕ್ಕೆ ಹೊಂದುವುದಿಲ್ಲ.

ಡಬ್ಬಿ ಮುಟ್ಟುವ ಮೊದಲು

ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮೂರು ವಿಷಯ ನೋಡಿ. ತೊಂದರೆ ಯಾವ ತಿಂಗಳು ಶುರುವಾಯಿತು? ಗಿಡದ ಯಾವ ಭಾಗದಿಂದ ಶುರುವಾಯಿತು? ಪಕ್ಕದ ಗಿಡಗಳು ಹೇಗಿವೆ?

ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಗುಲಾಬಿ ಒಂದೇ ಸೊರಗಿ ಸುತ್ತಲಿನ ಡೇಲಿಯಾ, ಚೆಂಡುಹೂ ಚೆನ್ನಾಗಿದ್ದರೆ ಅದು ಹೆಚ್ಚಾಗಿ ಗುಲಾಬಿಗೆ ಮಾತ್ರ ಬರುವ ರೋಗ. ಎಲ್ಲವೂ ಒಟ್ಟಿಗೆ ಸೊರಗಿದ್ದರೆ ದೋಷ ಮಣ್ಣಿನಲ್ಲೋ ನೀರಿನಲ್ಲೋ ಇದೆ. ಜೊತೆಗೆ ನೆಟ್ಟ ಗಿಡ ಬರೀ ಅಂದಕ್ಕೆ ಇರುವುದಲ್ಲ, ಅದು ಸಾಕ್ಷಿ ಹೇಳುವ ಗಿಡ. ಒಂದು ಸಲ ನನ್ನ ಗುಲಾಬಿಯನ್ನು ಉಳಿಸಿದ್ದು ಪಕ್ಕದಲ್ಲಿದ್ದ ಹೈಡ್ರೇಂಜಿಯಾ. ಆ ವಿಷಯ ಮುಂದೆ ಹೇಳುತ್ತೇನೆ.

ಮಳೆಗಾಲದಲ್ಲಿ ಬುಡದಿಂದ ಮೇಲಕ್ಕೆ ಎಲೆ ಉದುರಿದರೆ

ಇದು ನಮ್ಮ ಕಡೆಯ ಮೊದಲ ಶತ್ರು, ಕಪ್ಪು ಚುಕ್ಕೆ ರೋಗ. ಜೂನ್ ಕೊನೆಗೆ ಬುಡದ ಎಲೆಗಳ ಮೇಲೆ ಕಾಣಿಸುತ್ತದೆ. ಚುಕ್ಕೆ ದುಂಡಗಿರುತ್ತದೆ, ಆದರೆ ಅಂಚು ನೇರವಾಗಿರುವುದಿಲ್ಲ. ಶಾಯಿ ಹೀರುವ ಕಾಗದದ ಮೇಲೆ ಶಾಯಿ ಬಿದ್ದರೆ ಹೇಗೆ ಎಳೆ ಎಳೆಯಾಗಿ ಹರಡುತ್ತದೋ ಹಾಗೆ. ಚುಕ್ಕೆಯ ಸುತ್ತ ಹಳದಿ ಬಣ್ಣ ಬರುತ್ತದೆ, ಮುಟ್ಟಿದರೆ ಎಲೆ ಉದುರುತ್ತದೆ. ಕಕ್ಕಡ, ಅಂದರೆ ಆಟಿ ತಿಂಗಳು, ಆಗಸ್ಟ್ ನಡುವೆ ಮುಗಿಯುವ ಹೊತ್ತಿಗೆ ತುದಿಯಲ್ಲಿ ನಾಲ್ಕು ಎಲೆ ಉಳಿದಿರುತ್ತವೆ.

ಇದು ಶಿಲೀಂಧ್ರದ ಕೆಲಸ. ಅದರ ಬೀಜಕ ಮೊಳೆಯಬೇಕಾದರೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿಯೇ ಇರಬೇಕು. ಜುಲೈಯಲ್ಲಿ ನಮ್ಮ ಹಿತ್ತಲಲ್ಲಿ ಎಲೆ ಏಳು ದಿನವೂ ಒಣಗುವುದಿಲ್ಲ, ಅಲ್ವಾ? ಹಾಗಾಗಿ ರೋಗ ಬಾರದಂತೆ ಪೂರ್ತಿ ತಡೆಯುವ ಆಸೆ ಬಿಡಿ. ತಡೆಯಬೇಕಾದ್ದು ಬುಡದಿಂದ ಮೇಲಕ್ಕೆ ಅದು ಹತ್ತುವ ವೇಗವನ್ನು.

ಆ ವೇಗ ಎಲ್ಲಿಂದ ಬರುತ್ತದೆ? ಮಣ್ಣಿನಿಂದ ಸಿಡಿಯುವ ನೀರಿನಿಂದ. ಉದುರಿದ ಎಲೆಯಲ್ಲಿ ರೋಗ ಕುಳಿತಿರುತ್ತದೆ. ಮಳೆ ಹನಿ ಅದರ ಮೇಲೆ ಬಿದ್ದು ಬೀಜಕವನ್ನು ಕೆಳಗಿನ ಎಲೆಗೆ ಎರಚುತ್ತದೆ. ನಮ್ಮ ಹಂಚಿನ ಮನೆಗಳಲ್ಲಿ ಒಂದು ತಪ್ಪು ತುಂಬ ಸಾಮಾನ್ಯ. ಮುಂಬಾಗಿಲ ಪಕ್ಕ ಗೋಡೆಗುಂಟ ಸಾಲಾಗಿ ಗುಲಾಬಿ ನೆಡುತ್ತೇವೆ. ಸೂರಿನ ನೀರು ಸರಿಯಾಗಿ ಅಲ್ಲೇ ಬೀಳುತ್ತದೆ. ನೋಡಲು ಚಂದ, ಆದರೆ ಗಿಡಕ್ಕೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಸೂರಿನ ನೀರು ಬೀಳುವ ಗೆರೆಯಿಂದ ಕನಿಷ್ಠ ಮೂರು ಅಡಿ ಆಚೆ ನೆಡಿ. ಆಗದಿದ್ದರೆ ಸೂರಿಗೆ ದೋಣಿ ಕಟ್ಟಿಸಿ.

ಮೇ ತಿಂಗಳಲ್ಲೇ ಗಿಡದ ಬುಡದ ಒಂದು ಅಡಿವರೆಗಿನ ಎಲೆಗಳನ್ನು ಕಿತ್ತುಬಿಡಿ. ಹನಿ ಸಿಡಿದರೂ ತಗಲಲು ಎಲೆಯೇ ಇರಬಾರದು. ಉದುರಿದ ಎಲೆಗಳನ್ನು ವಾರಕ್ಕೆರಡು ಸಲ ಆಯ್ದು ಒಲೆಗೆ ಹಾಕಿ, ಗೊಬ್ಬರ ಗುಂಡಿಗೆ ಬೇಡ. ಮಳೆ ಬಿಟ್ಟ ಒಂದೆರಡು ದಿನ ಸಿಕ್ಕಾಗ ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ ಹಾಕಿ ಎಲೆಯ ಕೆಳಭಾಗಕ್ಕೂ ತಗಲುವಂತೆ ಸಿಂಪಡಿಸಬಹುದು. ಜೊತೆಗೆ ಅಂಟು ದ್ರಾವಣ ಸೇರಿಸದಿದ್ದರೆ ಮುಂದಿನ ಮಳೆಗೇ ತೊಳೆದು ಹೋಗುತ್ತದೆ.

ಹಳದಿ ಗುಲಾಬಿ ಇಟ್ಟವರಿಗೆ ಒಂದು ಮಾತು. ಅದೇ ಮೊದಲು ಬೋಳಾಗುತ್ತದೆ. ನೀವು ಸರಿಯಾಗಿ ನೋಡಿಕೊಂಡಿಲ್ಲ ಅಂತ ಅಲ್ಲ. ಇಂದಿನ ಹಳದಿ ಮತ್ತು ಕಿತ್ತಳೆ ಗುಲಾಬಿಗಳ ಬಣ್ಣ ಪರ್ಷಿಯಾ ಕಡೆಯ ಒಂದು ಕಾಡು ಗುಲಾಬಿ ಬಳಗದಿಂದ ಬಂದದ್ದು. ಫ್ರಾನ್ಸ್‌ನ ಗುಲಾಬಿ ತಳಿಗಾರ ಪೆರ್ನೆ ಡ್ಯೂಶೆ ಅದನ್ನು ತೋಟದ ಗುಲಾಬಿಗೆ ಕೂಡಿಸಿ 1900ರಲ್ಲಿ ‘ಸೊಲೈ ದೋರ್’ ಅನ್ನುವ ತಳಿ ಹೊರತಂದರು. ಆ ಕಾಡು ಗುಲಾಬಿ ಒಣ ಹವೆಯದು. ಕಪ್ಪು ಚುಕ್ಕೆಗೆ ಬೇಗ ಸೋಲುವ ಗುಣವೂ ಬಣ್ಣದ ಜೊತೆಗೇ ಬಂತು. ಹಳದಿ ಬೇಕೇ ಬೇಕು ಅನ್ನುವವರು ಅದನ್ನು ಕುಂಡದಲ್ಲಿ ಬೆಳೆಸಿ, ಮಳೆಗಾಲಕ್ಕೆ ಜಗಲಿಯ ಬೆಳಕಿರುವ ಕಡೆ ಇಡಿ. ನೆಲದಲ್ಲಿ ನೆಡಲು ನಮ್ಮ ಅಜ್ಜಿಯರು ಇಟ್ಟಿದ್ದ ನಸುಗೆಂಪು ಪನ್ನೀರು ಗುಲಾಬಿ ಮತ್ತು ಗೊಂಚಲು ಬಿಡುವ ಬಟನ್ ಗುಲಾಬಿಯೇ ಗಟ್ಟಿ. ಎಲೆ ಉದುರಿದರೂ ಮತ್ತೆ ಚಿಗುರುತ್ತವೆ.

ಚುಕ್ಕೆ ಇದೆ, ಆದರೆ ರೋಗವಲ್ಲ

ಒಂದು ಜುಲೈಯಲ್ಲಿ ಗಿಡದ ಎಲ್ಲ ಎಲೆಗಳ ಮೇಲೂ ಒಂದೇ ಸಲ ನೇರಳೆ ಮಿಶ್ರಿತ ಕಂದು ಚುಕ್ಕೆ ಬಂತು. ಕಪ್ಪು ಚುಕ್ಕೆ ಜೋರಾಗಿದೆ ಅಂತ ಇನ್ನೊಂದು ಸಲ ಬೋರ್ಡೋ ಹೊಡೆದೆ. ನಾಲ್ಕೇ ದಿನಕ್ಕೆ ಎಲೆ ಪೂರ್ತಿ ಉದುರಿತು. ಆಮೇಲೆ ತಿಳಿಯಿತು, ಅದು ಔಷಧಿಯಿಂದಲೇ ಆದ ಸುಟ್ಟ ಗಾಯ.

ಗುರುತು ಹಿಡಿಯುವುದು ಹೀಗೆ. ರೋಗದ ಚುಕ್ಕೆ ಬುಡದಲ್ಲಿ ಶುರುವಾಗಿ ನಿಧಾನಕ್ಕೆ ಏರುತ್ತದೆ, ಅದರ ಅಂಚು ಎಳೆ ಎಳೆ. ತಾಮ್ರದ ಸುಡು ಚುಕ್ಕೆ ಸಿಂಪಡಿಸಿದ ಕೆಲವು ದಿನಗಳಲ್ಲಿ ಎಲ್ಲ ಕಡೆ ಒಮ್ಮೆಲೇ ಬರುತ್ತದೆ, ಅಂಚು ಚೊಕ್ಕ. ಸಿಂಪಡಿಸಿದ ಮೇಲೆ ಹುಟ್ಟಿದ ಚಿಗುರು ಶುದ್ಧವಾಗಿರುತ್ತದೆ. ಪಕ್ಕದ ಗಿಡವನ್ನೂ ನೋಡಿ. ಕಪ್ಪು ಚುಕ್ಕೆ ರೋಗ ಗುಲಾಬಿ ಬಿಟ್ಟು ಬೇರೆ ಹೂಗಿಡಕ್ಕೆ ಹಬ್ಬುವುದಿಲ್ಲ. ಗಾಳಿಗೆ ಔಷಧಿ ಹಾರಿ ಬಿದ್ದ ಕರ್ಣಕುಂಡಲದ ಮೆತ್ತನೆ ಎಲೆಯ ಮೇಲೂ ಸುಟ್ಟ ಕಲೆ ಇದ್ದರೆ ಅನುಮಾನವೇ ಬೇಡ.

ಬೋರ್ಡೋ ಕಾಫಿಯ ಎಲೆಗೆ, ಅಡಿಕೆ ಗೊನೆಗೆ, ಮೆಣಸಿನ ಬಳ್ಳಿಗೆ ಒಗ್ಗುತ್ತದೆ. ಗುಲಾಬಿಯ ಎಲೆ ತೆಳು. ಚಳಿ, ಮೋಡ, ಒದ್ದೆ ಇದ್ದಾಗ ತಾಮ್ರ ಎಲೆಯೊಳಗೆ ಇಳಿಯುತ್ತದೆ. ಸುಣ್ಣ ಕಡಿಮೆಯಾದ ದ್ರಾವಣ ಇನ್ನೂ ಅಪಾಯ. ತೋಟದವರಿಗೆ ಗೊತ್ತಿರುವ ಪರೀಕ್ಷೆಯನ್ನೇ ಮಾಡಿ: ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ತೋಟಕ್ಕೆ ಕಲಸುವ ಅಳತೆ 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತ ಮತ್ತು ಸುಣ್ಣ. ಗುಲಾಬಿಗೆ ನಾನು ಅದರ ಅರ್ಧ ಗಟ್ಟಿಯಷ್ಟು ಮಾತ್ರ ಬಳಸುತ್ತೇನೆ. ಅದೂ ಎಲೆ ಬೇಗ ಒಣಗುವ ಬಿಸಿಲಿನ ದಿನ, ಅದೇ ದಿನ ಕಲಸಿದ್ದನ್ನು. ನಿನ್ನೆ ಉಳಿದದ್ದು ಬೇಡವೇ ಬೇಡ.

ಎಲೆಯಲ್ಲಿ ಚುಕ್ಕೆಯಿಲ್ಲ, ಗಿಡವೇ ಬಾಡಿದೆ

ಹೊರಗೆ ಧಾರಾಕಾರ ಮಳೆ. ಗಿಡ ನೋಡಿದರೆ ನೀರಿಲ್ಲದೆ ಬಾಡಿದಂತೆ ಜೋತು ಬಿದ್ದಿದೆ. ಬೇರು ಉಸಿರುಗಟ್ಟಿದೆ ಅಂತ ಅರ್ಥ. ಬುಡದ ಪಕ್ಕ ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ ನೋಡಿ. ಎರಡು ಮೂರು ಗಂಟೆಯಲ್ಲಿ ಇಂಗಬೇಕು. ಮರುದಿನವೂ ನೀರು ನಿಂತಿದ್ದರೆ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ. ಒಂದು ಬೇರು ಕೆದಕಿ ತೆಗೆಯಿರಿ. ಬೆಳ್ಳಗಿದ್ದು ಗಟ್ಟಿಯಿದ್ದರೆ ಸರಿ. ಕಂದಾಗಿ, ಹಿಂಡಿದರೆ ಸಿಪ್ಪೆ ಜಾರಿ ಕೆಟ್ಟ ವಾಸನೆ ಬಂದರೆ ಕೊಳೆತಿದೆ.

ಇಳಿಜಾರಿನ ಹಿತ್ತಲಾದರೆ ಮೇಲ್ಭಾಗದಲ್ಲಿ ಒಂದು ಕಪ್ಪು, ಅಂದರೆ ತೋಟದಲ್ಲಿ ತೆಗೆಯುವಂಥ ಸಣ್ಣ ಚರಂಡಿ ತೆಗೆದು ನೀರನ್ನು ತಿರುಗಿಸಿ. ಸಮತಟ್ಟಾದರೆ ಪಾತಿಯನ್ನು ಒಂದು ಅಡಿ ಎತ್ತರಿಸಿ. ಗುಲಾಬಿ ಬುಡದಲ್ಲಿ ಬಟ್ಟಲಿನ ಹಾಗೆ ಪಾತಿ ಮಾಡುವ ಅಭ್ಯಾಸ ಬೇಸಿಗೆಗೆ ಸರಿ. ಮೇ ಕೊನೆಗೆ ಅದನ್ನು ಮುಚ್ಚಿ, ಬುಡ ಗುಡ್ಡೆಯಂತೆ ಇರಬೇಕು. ಇದೊಂದು ಕೆಲಸದಿಂದಲೇ ನಮ್ಮಲ್ಲಿ ಸಾಯುವ ಗಿಡಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಯಿತು.

ಮಳೆಯ ನಡುವೆ ಎಲೆ ಒಟ್ಟಾರೆ ಪೇಲವವಾಗಿ, ಹಳೆಯ ಎಲೆಗಳು ಸಮನಾಗಿ ಹಳದಿಯಾಗಿದ್ದರೆ ಅದು ಸಾರಜನಕದ ಹಸಿವು. ಮಳೆ ಅದನ್ನು ತೊಳೆದುಕೊಂಡು ಹೋಗಿದೆ. ಆದರೆ ಜುಲೈಯಲ್ಲಿ ಯೂರಿಯಾ ಹಾಕಬೇಡಿ, ಅದೂ ತೊಳೆದೇ ಹೋಗುತ್ತದೆ. ಉಳಿದದ್ದು ಮೆತ್ತನೆಯ ಚಿಗುರು ಎಬ್ಬಿಸಿ ರೋಗಕ್ಕೆ ಊಟ ಬಡಿಸುತ್ತದೆ. ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಮುಹೂರ್ತ ಹಬ್ಬ ಕಳೆದು ಬಿಸಿಲು ಬಿದ್ದ ಮೇಲೆ ಹಾಕಿ. ಇನ್ನೊಂದು, ಪಲ್ಪರ್‌ನಿಂದ (ಕಾಫಿ ಹಣ್ಣು ಸುಲಿಯುವ ಯಂತ್ರ) ಬಂದ ಹಸಿ ಕಾಫಿ ಸಿಪ್ಪೆಯನ್ನು ಬುಡಕ್ಕೆ ಸುರಿದಿದ್ದೀರಾ? ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಪೂರ್ತಿ ಕಳಿತು ಕಪ್ಪಾಗಿ, ಕೈಗೆ ಬಿಸಿ ತಾಗದಂತಾದ ಮೇಲೆ ಹಾಕಿ.

ಮೊಗ್ಗು ಇದೆ, ಅರಳುವುದಿಲ್ಲ

ಮಳೆಯಲ್ಲಿ ಮೊಗ್ಗಿನ ಹೊರ ಎಸಳುಗಳು ಒದ್ದೆಯಾಗಿ ಅಂಟಿಕೊಂಡು ಕಾಗದದಂತೆ ಗಟ್ಟಿಯಾಗುತ್ತವೆ. ಒಳಗಿನ ಹೂ ಹೊರಬರಲಾಗದೆ ಕೊಳೆಯುತ್ತದೆ. ಮೇಲೆ ಬೂದು ಬಣ್ಣದ ನವಿರಾದ ಬೂಷ್ಟು ಇದ್ದರೆ ಅದನ್ನು ಕತ್ತರಿಸಿ ದೂರ ಹಾಕಿ. ಜಾಸ್ತಿ ಎಸಳಿನ ದಪ್ಪ ಹೂಗಳಿಗೆ ಇದು ಹೆಚ್ಚು. ಮಳೆಗಾಲದಲ್ಲಿ ಅಂಥ ಗಿಡದ ಮೊಗ್ಗನ್ನು ಚಿಕ್ಕದಿರುವಾಗಲೇ ಚಿವುಟಿದರೆ ಗಿಡದ ಶಕ್ತಿ ಉಳಿಯುತ್ತದೆ.

ಬೇಸಿಗೆಯಲ್ಲಿ ಮೊಗ್ಗು ಅರಳದೆ ಎಸಳಿನ ಅಂಚು ಕಂದಾಗಿ ಸೊಟ್ಟಗಾದರೆ ಅದು ಥ್ರಿಪ್ಸ್ ಅನ್ನುವ ಕೀಟ. ಒಂದು ಮೊಗ್ಗನ್ನು ಬಿಳಿ ಕಾಗದದ ಮೇಲೆ ಕೊಡವಿ. ಚೂರು ದಾರದಂಥ ಸಣ್ಣ ಹುಳುಗಳು ಓಡಾಡುತ್ತವೆ. ತಿಳಿ ಬಣ್ಣದ ಹೂಗಳಿಗೆ ಇದರ ಕಾಟ ಎದ್ದು ಕಾಣುತ್ತದೆ. ಬೇವಿನ ಎಣ್ಣೆ ಲೀಟರಿಗೆ 5 ಮಿ.ಲೀ., ಜೊತೆಗೆ ಸ್ವಲ್ಪ ಸೋಪು ನೀರು, ಸಂಜೆ ಹೊತ್ತಿಗೆ ಸಿಂಪಡಿಸಿ. ಹಾಳಾದ ಮೊಗ್ಗನ್ನು ಗಿಡದಲ್ಲಿ ಉಳಿಸಬೇಡಿ.

ಸಂಜೆ ಅಂದದ್ದಕ್ಕೆ ಕಾರಣವಿದೆ. ಹಗಲು ಹೂವಿನ ಮೇಲೆ ಜೇನು ಇರುತ್ತದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ಕೊಡಗಿನ ಜೇನು ಪೆಟ್ಟಿಗೆಗಳು ಖಾಲಿಯಾದ ಕಾಲ ನೆನಪಿರುವವರು ಇನ್ನೂ ಇದ್ದಾರೆ. ಒಂದು ಹೂ ಚಂದ ಕಾಣಲಿ ಅಂತ ಜೇನಿಗೆ ವಿಷ ಇಡಬಾರದು.

ಕತ್ತರಿಸಿದ ಮೇಲೆ ರೆಂಬೆ ಕಪ್ಪಾಗುತ್ತಾ ಇಳಿದರೆ

ತುದಿ ಒಣಗುವ ರೋಗ ಇದು. ಕತ್ತರಿಸಿದ ಜಾಗದಿಂದ ಕಪ್ಪು ಬಣ್ಣ ಕೆಳಗಿಳಿಯುತ್ತಾ, ಕೆಲವು ವಾರಗಳಲ್ಲಿ ಬುಡದ ಕಸಿಯವರೆಗೂ ಬರಬಹುದು. ಸಾಮಾನ್ಯವಾಗಿ ಸಮಯ ತಪ್ಪಿ ಕತ್ತರಿಸಿದ್ದೇ ಕಾರಣ. ಸೆಪ್ಟೆಂಬರ್‌ನಲ್ಲಿ ಎರಡು ದಿನ ಬಿಸಿಲು ಕಂಡ ತಕ್ಷಣ ಕತ್ತರಿ ಹಿಡಿಯುತ್ತೇವೆ. ಮೂರನೆಯ ದಿನ ಮತ್ತೆ ಮಳೆ, ಹಸಿ ಗಾಯದೊಳಗೆ ನೀರು.

ನಾನು ಈಗ ತುಲಾ ಸಂಕ್ರಮಣ ಕಳೆಯುವವರೆಗೆ ಕಾಯುತ್ತೇನೆ. ಅಕ್ಟೋಬರ್ ಮೂರನೆಯ ವಾರ, ನೆಲ ಆರಿದ ಮೇಲೆ, ಮೂರು ದಿನ ಒಣ ಹವೆ ಇದ್ದಾಗ ಕತ್ತರಿಸುತ್ತೇನೆ. ಕತ್ತರಿಸಿ ಸುಮಾರು 45ರಿಂದ 50 ದಿನಕ್ಕೆ ಹೂ. ಚಳಿ ಜಾಸ್ತಿಯಿದ್ದರೆ ಇನ್ನೊಂದು ವಾರ. ಸುಗ್ಗಿಯ ಹಬ್ಬ ಹುತ್ತರಿಯ ಹೊತ್ತಿಗೆ ಮನೆ ಮುಂದೆ ಹೂ ಇರುತ್ತದೆ. ಹೊರಮುಖವಾಗಿರುವ ಕಣ್ಣಿನ (ಚಿಗುರು ಒಡೆಯುವ ಜಾಗ) ಕಾಲು ಇಂಚು ಮೇಲೆ, ನೀರು ಜಾರುವಂತೆ ಓರೆಯಾಗಿ ಕತ್ತರಿಸಿ. ಮೇಲೆ ಉದ್ದದ ಮೋಟು ಬಿಟ್ಟರೆ ಅದು ಸತ್ತು ರೋಗಕ್ಕೆ ದಾರಿಯಾಗುತ್ತದೆ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ತಾಮ್ರದ ಪುಡಿಯನ್ನು ನೀರಲ್ಲಿ ಕಲಸಿ ಪೇಸ್ಟ್ ಹಚ್ಚಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಈಗಾಗಲೇ ಕಪ್ಪಾಗಿದ್ದರೆ ಕಪ್ಪು ಮುಗಿಯುವ ಜಾಗದಿಂದ ಇನ್ನೂ ಎರಡು ಇಂಚು ಕೆಳಗೆ ಕತ್ತರಿಸಿ. ಕತ್ತರಿಸಿದ ಮುಖ ನೋಡಿ. ನಡುವಿನ ತಿರುಳು ಕಂದಾಗಿದ್ದರೆ ಇನ್ನೂ ಕೆಳಗೆ ಹೋಗಿ. ಬೆಳ್ಳಗೆ ಕಂಡಾಗ ನಿಲ್ಲಿಸಿ.

ಒಂದೇ ರೆಂಬೆಯಲ್ಲ, ಇಡೀ ಗಿಡ ಕಸಿಯ ಜಾಗದಿಂದ ಮೇಲೆ ಸೊರಗುತ್ತಿದೆಯೇ? ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಅಲ್ಲೇ ಇದೆಯೋ ನೋಡಿ. ಕಾಂಡ ದಪ್ಪವಾದಂತೆ ಅದು ಕುತ್ತಿಗೆ ಹಿಸುಕುತ್ತದೆ. ಬ್ಲೇಡಿನಿಂದ ಮೆಲ್ಲಗೆ ಸೀಳಿ ತೆಗೆಯಿರಿ.

ಚಳಿಗಾಲದ ಬೂದಿ, ಬೇಸಿಗೆಯ ನುಸಿ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಚಿಗುರಿನ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಬಂದು ಎಲೆ ಮುದುಡಿದರೆ ಬೂದಿ ರೋಗ. ಇದಕ್ಕೆ ಎಲೆ ಒದ್ದೆಯಾಗಬೇಕಿಲ್ಲ. ಹಗಲು ಒಣ ಬಿಸಿಲು, ರಾತ್ರಿ ಮಂಜು, ಇಷ್ಟು ಸಾಕು. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಬೆಳಗ್ಗೆ ಸಿಂಪಡಿಸಿ. ಬೇವಿನ ಎಣ್ಣೆ ಹೊಡೆದು ಎರಡು ವಾರ ಆಗುವವರೆಗೆ ಗಂಧಕ ಬೇಡ, ಎರಡೂ ಸೇರಿದರೆ ಎಲೆ ಸುಡುತ್ತದೆ.

ಕಾಫಿ ಹೂ ಅರಳಿಸುವ ಬೇಸಿಗೆಯ ಹೂ ಮಳೆಗೆ ಮುಂಚಿನ ಒಣ ದಿನಗಳಲ್ಲಿ ಎಲೆ ಹೊಳಪು ಕಳೆದುಕೊಂಡು ಧೂಳು ಹಿಡಿದಂತೆ ಕಂಡರೆ ತಿರುವಿ ನೋಡಿ. ಕೆಳಗೆ ಸಣ್ಣ ಬಲೆ, ಅದರಲ್ಲಿ ಚುಕ್ಕೆಯಂಥ ಕೆಂಪು ನುಸಿ. ಬಿಳಿ ಕಾಗದಕ್ಕೆ ಕೊಡವಿ ಬೆರಳಿನಿಂದ ಉಜ್ಜಿದರೆ ಕೆಂಪು ಗೆರೆ ಬೀಳುತ್ತದೆ. ತಂಗಿಯ ಮನೆಯಲ್ಲಿ ಪ್ರತಿ ವರ್ಷ ಇದೇ ಕಾಟ. ಅವಳು ಎಷ್ಟೋ ಕೀಟನಾಶಕ ಹೊಡೆದಳು, ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ನುಸಿಯನ್ನು ತಿನ್ನುವ ಒಳ್ಳೆಯ ಹುಳುಗಳು ಮೊದಲು ಸತ್ತವು, ಅದಕ್ಕೆ. ಈಗ ಅವಳು ಬೆಳಗ್ಗೆ ಪೈಪಿನಿಂದ ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಬಿಡುತ್ತಾಳೆ. ಮೂರು ದಿನಕ್ಕೊಮ್ಮೆ, ಎರಡು ವಾರ. ಅಷ್ಟೇ ಸಾಕಾಗಿದೆ.

ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದ ರಾತ್ರಿ ಎಲೆಗಳು ಜರಡಿಯಾದರೆ ಅದು ಕಂದು ದುಂಬಿ. ಟಾರ್ಚ್ ಹಿಡಿದು ಎಂಟು ಗಂಟೆಗೆ ಹೋಗಿ, ಗಿಡ ಅಲ್ಲಾಡಿಸಿ, ಬಿದ್ದದ್ದನ್ನು ಸೋಪು ನೀರಿಗೆ ಹಾಕಿ. ಎಲೆಯ ಅಂಚಿನಲ್ಲಿ ನಾಣ್ಯ ಇಟ್ಟು ಕತ್ತರಿಸಿದಂತೆ ಅರ್ಧ ಚಂದ್ರದ ತೂತಿದ್ದರೆ ಏನೂ ಮಾಡಬೇಡಿ. ಎಲೆ ಕತ್ತರಿಸುವ ಜೇನು ತನ್ನ ಗೂಡಿಗೆ ಒಯ್ದಿದೆ. ಗಿಡಕ್ಕೆ ನಷ್ಟವಿಲ್ಲ. ಎಲೆ ತಿಂದು ಬೆಳ್ಳಿಯಂಥ ಲೋಳೆ ಗೆರೆ ಬಿಟ್ಟಿದ್ದರೆ ಬಸವನಹುಳು. ಶನಿವಾರಸಂತೆ ಕಡೆಯ ತೋಟಗಳಲ್ಲಿ ದೊಡ್ಡ ಆಫ್ರಿಕನ್ ಬಸವನಹುಳು ಎಷ್ಟು ಕಷ್ಟ ಕೊಟ್ಟಿದೆ ಅಂತ ಎಲ್ಲರಿಗೂ ಗೊತ್ತು. ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಗ್ಗೆ ಅದರಡಿ ಸೇರಿರುತ್ತವೆ. ಕೈಗವಸು ಹಾಕಿಕೊಂಡೇ ಹೆಕ್ಕಿ ಉಪ್ಪು ನೀರಿಗೆ ಹಾಕಿ.

ಹೈಡ್ರೇಂಜಿಯಾ ಹೇಳಿದ ಸಾಕ್ಷಿ

2018ರ ಆಗಸ್ಟ್ ಮಳೆಯಲ್ಲಿ ನಮ್ಮ ಹಿತ್ತಲ ಬರೆ, ಅಂದರೆ ಇಳಿಜಾರಿನ ಮಣ್ಣು ಜಾರಿತು. ಮನೆಗೆ ಏನೂ ಆಗಲಿಲ್ಲ. ಮರು ವರ್ಷ ಸಿಮೆಂಟಿನ ತಡೆಗೋಡೆ ಕಟ್ಟಿಸಿದೆವು. ಗೋಡೆಯ ಬುಡದಲ್ಲಿ ಅಮ್ಮನ ಕಾಲದ ಒಂದು ಗುಲಾಬಿ, ಅದರ ಪಕ್ಕ ಹೈಡ್ರೇಂಜಿಯಾ ಇದ್ದವು.

ಅದರ ಮುಂದಿನ ವರ್ಷ ಆ ಗುಲಾಬಿಯ ಎಳೆ ಎಲೆಗಳು ಹಳದಿಯಾದವು. ನರಗಳು ಮಾತ್ರ ಹಸಿರು, ನಡುವೆ ನಿಂಬೆ ಬಣ್ಣ. ಕುರಿ ಗೊಬ್ಬರ ಹಾಕಿದೆ. ಯೂರಿಯಾ ಹಾಕಿದೆ. ಮೆಗ್ನೀಸಿಯಂ ಇರುವ ಎಪ್ಸಮ್ ಉಪ್ಪು ಹಾಕಿದೆ. ಏನೂ ಆಗಲಿಲ್ಲ. ಐರನ್ ಚಿಲೇಟ್ (ಗಿಡ ಹೀರಬಲ್ಲ ಕಬ್ಬಿಣ) ಸಿಂಪಡಿಸಿದಾಗ ಎಲೆ ಹಸಿರಾಯಿತು, ಆಮೇಲೆ ಬಂದ ಚಿಗುರು ಮತ್ತೆ ಹಳದಿ. ಕಬ್ಬಿಣ ಬೇಕಿತ್ತು, ನಿಜ. ಆದರೆ ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಎಂಥ ಬರ?

ಒಂದು ಬೆಳಗ್ಗೆ ಹೂ ಕೊಯ್ಯುವಾಗ ಗಮನಿಸಿದೆ. ಎಂದೂ ನೀಲಿ ಬಿಡುತ್ತಿದ್ದ ಆ ಹೈಡ್ರೇಂಜಿಯಾ ಗುಲಾಬಿ ಬಣ್ಣದ ಹೂ ಬಿಟ್ಟಿತ್ತು. ಅಂಗಳದ ಇನ್ನೊಂದು ತುದಿಯಲ್ಲಿರುವ ಅದರದ್ದೇ ಮರಿಗಿಡ ಎಂದಿನಂತೆ ನೀಲಿ.

ಅಲ್ಲಿಗೆ ಉತ್ತರ ಸಿಕ್ಕಿತು. ಹೈಡ್ರೇಂಜಿಯಾದ ಬಣ್ಣ ಮಣ್ಣಿನ ಹುಳಿಯನ್ನು ತೋರಿಸುತ್ತದೆ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂ ನೀಲಿಯಾಗುತ್ತದೆ. ಸುಣ್ಣದಂಶ ಜಾಸ್ತಿಯಾದರೆ ಅದು ಸಿಗುವುದಿಲ್ಲ, ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೊಸ ಸಿಮೆಂಟಿನಿಂದ ಸುಣ್ಣ ಮಳೆ ನೀರಿನ ಜೊತೆ ಇಳಿದು ಬುಡ ಸೇರಿತ್ತು. ಮಣ್ಣಿನಲ್ಲಿ ಕಬ್ಬಿಣ ಇತ್ತು, ಆದರೆ ಸುಣ್ಣ ಅದಕ್ಕೆ ಬೀಗ ಹಾಕಿತ್ತು. ಮಣ್ಣು ಪರೀಕ್ಷೆ ಮಾಡಿಸಿದೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಗೋಡೆ ಪಕ್ಕದ ಮಣ್ಣಿನ ಪಿಎಚ್ 7.6, ಹತ್ತು ಅಡಿ ಆಚೆಯದು 5.4. ಗುಲಾಬಿಗೆ ಬೇಕಾದ್ದು 6ರಿಂದ 6.5.

ಡಿಸೆಂಬರ್‌ನಲ್ಲಿ ಗಿಡವನ್ನು ಮಣ್ಣಿನ ಗಡ್ಡೆ ಸಮೇತ ಎತ್ತಿ ಗೋಡೆಯಿಂದ ಆರು ಅಡಿ ಆಚೆ ನೆಟ್ಟೆ. ಕಳಿತ ಕಾಫಿ ಸಿಪ್ಪೆ ಗೊಬ್ಬರ ಹಾಕಿದೆ. ಫೆಬ್ರವರಿಯ ಚಿಗುರು ಕಡು ಹಸಿರಾಗಿ ಬಂತು. ಅಮ್ಮನ ಗಿಡ ಅದು. ಅಂದು ನನಗಾದ ಸಂತೋಷ ಹೇಳಿ ಮುಗಿಸಲು ಆಗುವುದಿಲ್ಲ.

ಹಾಗಾಗಿ ಪ್ರತಿ ಗುಲಾಬಿ ಸಾಲಿನ ತುದಿಯಲ್ಲಿ, ಸ್ವಲ್ಪ ನೆರಳಿರುವ ಕಡೆ, ಒಂದು ಹೈಡ್ರೇಂಜಿಯಾ ಇರಲಿ. ಬಿಳಿ ಜಾತಿ ಬೇಡ, ಅದು ಬಣ್ಣ ಬದಲಿಸುವುದಿಲ್ಲ. ಕಡು ನೀಲಿ ಬಿಟ್ಟರೆ ಮಣ್ಣು ಗುಲಾಬಿಗೆ ಸ್ವಲ್ಪ ಜಾಸ್ತಿಯೇ ಹುಳಿ, ಒಂದು ಹಿಡಿ ಡೋಲಮೈಟ್ (ಒಂದು ಬಗೆಯ ಸುಣ್ಣದ ಪುಡಿ) ಕೊಡಬಹುದು. ಗುಲಾಬಿ ಬಣ್ಣ ಬಿಟ್ಟರೆ ಸುಣ್ಣ ಮುಟ್ಟಬೇಡಿ. ತೋಟಕ್ಕೆ ಸುಣ್ಣ ಹಾಕುವಾಗ ಉಳಿದದ್ದನ್ನು ಹೂಗಿಡಗಳ ಬುಡಕ್ಕೆ ಎರಚುವ ಅಭ್ಯಾಸ ಇರುವ ಮನೆಗಳಲ್ಲೂ ಇದೇ ಹಳದಿ ಕಾಣಬಹುದು. ಹಳೆಯ ಎಲೆಯಲ್ಲಿ ನರ ಹಸಿರಾಗಿ ನಡುವೆ ಹಳದಿಯಾದರೆ ಮಾತ್ರ ಅದು ಮೆಗ್ನೀಸಿಯಂ ಕೊರತೆ. ಆಗ ಎಪ್ಸಮ್ ಉಪ್ಪು ಕೆಲಸ ಮಾಡುತ್ತದೆ. ಎಳೆ ಎಲೆಯೋ ಹಳೆ ಎಲೆಯೋ, ಇದನ್ನು ನೋಡದೆ ಒಂದು ಚಮಚವನ್ನೂ ಹಾಕಬೇಡಿ.

ಜೊತೆಗಿಡವೇ ದೋಷವಾದಾಗ

ಚೆಂಡುಹೂ ಗುಲಾಬಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಕುಳ್ಳ ಜಾತಿಯ ಚೆಂಡುಹೂವಿನ ಬೇರು ಮಣ್ಣಿನ ಜಂತುಹುಳುಗಳನ್ನು ತಡೆಯುತ್ತದೆ. ಬೇರಿನಲ್ಲಿ ಮಣಿ ಪೋಣಿಸಿದಂತೆ ಸಣ್ಣ ಗಂಟು ಕಂಡಿದ್ದರೆ ಆ ಜಾಗದಲ್ಲಿ ಒಂದು ಹಂಗಾಮು ಒತ್ತಾಗಿ ಚೆಂಡುಹೂವನ್ನೇ ಬೆಳೆಸಿ, ಆಮೇಲೆ ಗುಲಾಬಿ ನೆಡಿ. ಆದರೆ ಬೇಸಿಗೆಯಲ್ಲಿ ಅದೇ ಚೆಂಡುಹೂ ಕೆಂಪು ನುಸಿಯ ತವರುಮನೆ. ತಂಗಿಯ ಗುಲಾಬಿಗೆ ನುಸಿ ಹತ್ತಿದ್ದು ಅಲ್ಲಿಂದಲೇ. ಮಾರ್ಚ್‌ನಲ್ಲಿ ಅದರ ಎಲೆ ಪೇಲವವಾದರೆ ಕಿತ್ತು ತೆಗೆಯಿರಿ, ಹೂ ಇದೆ ಅಂತ ಮರುಗಬೇಡಿ.

ನಮ್ಮ ಮಳೆಯಲ್ಲಿ ಕರ್ಣಕುಂಡಲ ಬಿತ್ತದೆಯೇ ಹುಟ್ಟಿ ಗುಲಾಬಿಯ ಬುಡವನ್ನು ಮುಚ್ಚುತ್ತದೆ. ನೋಡಲು ಹಾಸಿಗೆಯಂತೆ ಚಂದ. ಆದರೆ ಗಾಳಿ ಆಡುವುದಿಲ್ಲ, ಬುಡದ ಎಲೆ ಆರುವುದಿಲ್ಲ, ಬಸವನಹುಳುವಿಗೆ ಮನೆ. ಗುಲಾಬಿ ಕಾಂಡದಿಂದ ಒಂದೂವರೆ ಅಡಿ ಸುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ನೆಲ ಇರಲಿ. ಗುಲಾಬಿಯಿಂದ ಗುಲಾಬಿಗೆ ಮೂರು ಅಡಿ. ಡೇಲಿಯಾವನ್ನು ಇನ್ನೂ ದೂರ ಇಡಿ, ಅದಕ್ಕೂ ಥ್ರಿಪ್ಸ್, ನುಸಿ ಎರಡೂ ಬರುತ್ತವೆ. ಲ್ಯಾವೆಂಡರ್ ನೆಡುವ ಆಸೆ ನನಗೂ ಇತ್ತು. ಮೂರು ಸಲ ತಂದೆ, ಮೂರೂ ಸಲ ಜುಲೈಯಲ್ಲಿ ಕೊಳೆಯಿತು. ಅದು ನಮ್ಮ ಹವೆಯ ಗಿಡವಲ್ಲ.

ನಿಜವಾಗಿ ಕೆಲಸಕ್ಕೆ ಬಂದದ್ದು ಅಡುಗೆಮನೆಯ ಗಿಡಗಳು. ನವೆಂಬರ್‌ನಲ್ಲಿ ಕೊತ್ತಂಬರಿ, ಸಬ್ಬಸಿಗೆ ಬಿತ್ತಿ. ಅರ್ಧ ಕೊಯ್ದು, ಅರ್ಧ ಹೂ ಬಿಡಲಿ. ಆ ಸಣ್ಣ ಹೂಗಳಿಗೆ ಗುಲಗಂಜಿ ಹುಳು (ಲೇಡಿಬರ್ಡ್), ಹೂನೊಣಗಳು ಬರುತ್ತವೆ. ಇವುಗಳ ಮರಿಗಳು ಚಿಗುರಿಗೆ ಮುತ್ತುವ ಹಸಿರು ಹೇನುಗಳನ್ನು ತಿನ್ನುತ್ತವೆ. ಜನವರಿಯಲ್ಲಿ ಚಿಗುರಿನ ಮೇಲೆ ಹೇನು ಕಂಡರೆ ಒಂದು ವಾರ ಸುಮ್ಮನಿದ್ದು ನೋಡಿ. ಗುಲಗಂಜಿ ಹುಳುವಿನ ಮರಿ ಮೊಸಳೆಯಂತೆ ಉದ್ದಕ್ಕೆ, ಕಪ್ಪಾಗಿ ಇರುತ್ತದೆ. ಅದನ್ನೇ ಕೀಟ ಅಂತ ಕೊಂದವರನ್ನು ನೋಡಿದ್ದೇನೆ.

ಗಿಡ ಸೊಂಪಾಗಿದೆ, ಹೂ ಮಾತ್ರ ಇಲ್ಲ

ದಿನಕ್ಕೆ ಆರು ಗಂಟೆ ಬಿಸಿಲು ಬೀಳುತ್ತದೆಯೇ? ಸಿಲ್ವರ್ ಓಕ್ ನೆರಳಲ್ಲಿ ಕಾಫಿ ಬೆಳೆಯುತ್ತದೆ, ಗುಲಾಬಿ ಬರೀ ಕುರುಡು ಚಿಗುರು, ಅಂದರೆ ಮೊಗ್ಗಿಲ್ಲದ ಚಿಗುರು ಬಿಡುತ್ತದೆ. ಬಿಸಿಲು ಸಾಕಷ್ಟಿದ್ದೂ ಹೂ ಇಲ್ಲದಿದ್ದರೆ ಆ ಚಿಗುರು ಎಲ್ಲಿಂದ ಹೊರಟಿದೆ ನೋಡಿ. ಕಸಿಯ ಗಂಟಿನ ಕೆಳಗಿನಿಂದ ಹೊರಟಿದ್ದರೆ ಅದು ಕಸಿ ಕಟ್ಟಲು ಬಳಸಿದ ಕಾಡು ಬೇರಿನ ಗಿಡ. ಏಳು ಎಲೆಯಿದ್ದರೆ ಕಾಡು, ಐದಿದ್ದರೆ ಕಸಿ ಅನ್ನುವ ಲೆಕ್ಕ ಪೂರ್ತಿ ನಂಬುವಂಥದಲ್ಲ. ಮಣ್ಣು ಸರಿಸಿ ಹುಟ್ಟಿದ ಜಾಗ ನೋಡುವುದೇ ಸರಿ. ಕತ್ತರಿಸಿದರೆ ಮತ್ತೆ ಹುಟ್ಟುತ್ತದೆ. ಬುಡದಿಂದ ಕೆಳಕ್ಕೆ ಎಳೆದು ಕೀಳಿ.

ಯಾವುದೂ ಹೊಂದದಿದ್ದರೆ

ಒಂದು ರೋಗದ ರೆಂಬೆ, ಒಂದು ಒಳ್ಳೆಯ ರೆಂಬೆ, ಬುಡದ ಅರ್ಧ ಕಿಲೋ ಮಣ್ಣು, ಕೆಲವು ಬೇರು, ಇಷ್ಟನ್ನು ಕಾಗದದಲ್ಲಿ ಸುತ್ತಿ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಪ್ಲಾಸ್ಟಿಕ್‌ನಲ್ಲಿ ಬೇಡ, ದಾರಿಯಲ್ಲೇ ಕೊಳೆತು ಏನೂ ಗೊತ್ತಾಗುವುದಿಲ್ಲ. ಯಾವ ತಿಂಗಳು ಶುರುವಾಯಿತು, ಏನೇನು ಹಾಕಿದಿರಿ ಅಂತ ಬರೆದುಕೊಂಡು ಹೋಗಿ.

ಗಿಡ ಕೀಳುವಾಗ ಕಸಿಯ ಹತ್ತಿರ ಹೂಕೋಸಿನಂತೆ ಒರಟಾದ ದೊಡ್ಡ ಗಂಟು ಕಂಡರೆ ಅದು ಬ್ಯಾಕ್ಟೀರಿಯಾದ ಗಂಟು ರೋಗ. ಅದಕ್ಕೆ ಮದ್ದಿಲ್ಲ. ಗಿಡವನ್ನು ಬೇರು ಸಮೇತ ಸುಡಿ, ಸನಿಕೆ ಮತ್ತು ಕತ್ತರಿ ತೊಳೆಯಿರಿ. ಆ ಗುಂಡಿಯಲ್ಲಿ ಕೆಲವು ವರ್ಷ ಗುಲಾಬಿಯಾಗಲಿ ಡೇಲಿಯಾವಾಗಲಿ ಬೇಡ. ಗಡ್ಡೆಯ ಹುಲ್ಲಿನಂಥ ಗಿಡಗಳಿಗೆ ಅದು ಸಾಮಾನ್ಯವಾಗಿ ತಗಲುವುದಿಲ್ಲ. ನಮ್ಮಲ್ಲಿ ಹಾಗೆ ಖಾಲಿಯಾದ ಜಾಗದಲ್ಲಿ ಈಗ ಸುಗಂಧರಾಜ ಇದೆ, ಅದರ ಪಕ್ಕ ಒಂದು ಸಾಲು ಶುಂಠಿ.